ಪಿಯುಸಿ ಓದ್ತಾನೇ ಸ್ಪ್ಯಾನಿಶ್ ಬಿ2: ವ್ಯಾಕರಣಕ್ಕೆ ಇಂಗ್ಲಿಷ್ ದಾರಿನಾ, ಕನ್ನಡದ ದಾರಿನಾ?

ಕ್ಯಾತ್ಸಂದ್ರ_ಪಿಯು

ತುಮಕೂರಿನಲ್ಲಿ ಮೊದಲ ಪಿಯುಸಿ, ವಿಜ್ಞಾನ ವಿಭಾಗ. ಪಿಯು ಬೋರ್ಡಿನ ಭಾಷೆಗಳ ಪಟ್ಟಿಯಲ್ಲಿ ಅರೇಬಿಕ್ ಇದೆ, ಫ್ರೆಂಚ್ ಇದೆ, ಸ್ಪ್ಯಾನಿಶ್ ಇಲ್ಲ. ಹಾಗಾಗಿ ಹೊರಗಿನ ಪರೀಕ್ಷೆಯೇ ಗತಿ. ಬಿ1 ಮಟ್ಟದ ಪುಸ್ತಕ ಮುಗಿದಿದೆ, ಮುಂದಿನ ಗುರಿ ಬಿ2 (ಯುರೋಪಿನ ಭಾಷಾ ಮಾಪನದ ಎ1ರಿಂದ ಸಿ2ವರೆಗಿನ ಆರು ಮಟ್ಟಗಳಲ್ಲಿ ನಾಲ್ಕನೆಯದು). ಟ್ಯೂಷನ್, ಲ್ಯಾಬ್, ರೆಕಾರ್ಡ್ ಎಲ್ಲ ಕಳೆದು ವಾರಕ್ಕೆ 6 ಗಂಟೆ ಸಿಗುತ್ತೆ. ಗೊತ್ತಿರುವವರು ಇಷ್ಟು ಹೇಳಿ.

ಸ್ಪ್ಯಾನಿಶ್ ಪ್ರಮಾಣಪತ್ರದ ಪರೀಕ್ಷೆ ಎರಡಿವೆ: ಡೆಲೆ ಬರೆಯೋದಾ, ಸಿಯೆಲೆ ಬರೆಯೋದಾ? ಎರಡನೇ ಪಿಯು ಪರೀಕ್ಷೆಗೆ ಮುಂಚೆಯೋ ಆಮೇಲೋ?

ಸಬ್‌ಜಂಕ್ಟಿವ್‌ಗೆ (ಆಸೆ, ಅನುಮಾನ, ಇನ್ನೂ ಆಗದ ಸಂಗತಿ ಹೇಳುವ ಕ್ರಿಯಾಪದ ರೂಪ) ಇಂಗ್ಲಿಷ್ ಪುಸ್ತಕಗಳಲ್ಲಿ ಉದ್ದುದ್ದ ಪಟ್ಟಿ ಇದೆ: ಈ ಪದ ಬಂದರೆ ಹಾಕು, ಆ ಪದ ಬಂದರೆ ಹಾಕಬೇಡ ಅಂತ. ಬಾಯಿಪಾಠ ಆಗಿದೆ, ಬರೆಯುವಾಗ ಮಾತ್ರ ಕೈಕೊಡುತ್ತೆ. ಬೇರೆ ದಾರಿ ಇದೆಯಾ?

ಕೇಳೋದು ಇನ್ನೊಂದು ತಲೆನೋವು. ಓದಿದರೆ ಅರ್ಥ ಆಗೋ ವಾಕ್ಯ ಕಿವಿಗೆ ಬಿದ್ದಾಗ ಒಂದೇ ಉದ್ದನೆಯ ಪದದ ಥರ ಕೇಳಿಸುತ್ತೆ.

ಶಿಡ್ಲಘಟ್ಟ_ಗೂಡು

ಪರೀಕ್ಷೆ ವಿಷಯ ಮೊದಲು ಮುಗಿಸಿಬಿಡೋಣ.

ಡೆಲೆ ಪ್ರಮಾಣಪತ್ರವನ್ನು ಸ್ಪೇನಿನ ಶಿಕ್ಷಣ ಸಚಿವಾಲಯದ ಪರವಾಗಿ ಇನ್‌ಸ್ತಿತೂತೊ ಸೆರ್ವಾಂತೆಸ್ ಕೊಡೋದು. ಅದಕ್ಕೆ ವಾಯಿದೆ ಇಲ್ಲ, ಒಂದು ಸಲ ಪಾಸಾದರೆ ಜೀವನಪೂರ್ತಿ. ಆದರೆ ಬಿ2ಗೆ ಕಟ್ಟಿದರೆ ಬಿ2 ಪಾಸು ಇಲ್ಲವೇ ನಪಾಸು, ನಡುವೆ ಏನೂ ಇಲ್ಲ. ಸಿಯೆಲೆ ಕಂಪ್ಯೂಟರಿನಲ್ಲಿ ನಡೆಯುತ್ತೆ. ಒಟ್ಟು 1000 ಅಂಕ, ನಪಾಸು ಅನ್ನೋದಿಲ್ಲ, ಬಂದ ಅಂಕದ ಮೇಲೆ ಮಟ್ಟ ತೀರ್ಮಾನ. 5 ವರ್ಷ ಚಾಲ್ತಿ. ಮಾತಿನ ಭಾಗದಲ್ಲೂ ಎದುರಿಗೆ ಪರೀಕ್ಷಕರು ಇರೋದಿಲ್ಲ, ಮೈಕಿಗೆ ಹೇಳಬೇಕು. ಈಗ ಪಿಯು ಓದುತ್ತಿದ್ದು ಮುಂದೆ ಯಾವಾಗ ಬೇಕಾದರೂ ತೋರಿಸುವ ಕಾಗದ ಬೇಕು ಅನ್ನುವವರಿಗೆ ಡೆಲೆಯೇ ಸರಿ.

ಒಂದು ಎಚ್ಚರಿಕೆ. 11ರಿಂದ 17 ವರ್ಷದ ಶಾಲಾ ಮಕ್ಕಳಿಗೆ ಅಂತಲೇ ಇರುವ ಡೆಲೆ ಎ1 ಮತ್ತು ಎ2/ಬಿ1ಗೆ ನಿಂತುಹೋಗುತ್ತೆ. ಬಿ2 ಅಂದರೆ ದೊಡ್ಡವರ ಪತ್ರಿಕೆ: ಕೆಲಸ, ಬಾಡಿಗೆ ಮನೆ, ಗ್ರಾಹಕರ ದೂರು, ಪರಿಸರ. ವಯಸ್ಸಿನ ಅಡ್ಡಿ ಇಲ್ಲ, ಆದರೆ ಆ ವಿಷಯಗಳ ಪದ ಗೊತ್ತಿರಬೇಕು.

ಅಂಕದ ಲೆಕ್ಕ ಬಹಳ ಜನ ತಪ್ಪು ತಿಳಿದುಕೊಂಡಿರುತ್ತಾರೆ. ಓದಿ ಗ್ರಹಿಸುವುದು 70 ನಿಮಿಷ, 36 ಪ್ರಶ್ನೆ. ಕೇಳಿ ಗ್ರಹಿಸುವುದು 40 ನಿಮಿಷ, 30 ಪ್ರಶ್ನೆ. ಬರವಣಿಗೆ 80 ನಿಮಿಷ, ಎರಡು ಬರಹ, ಒಂದೊಂದೂ 150ರಿಂದ 180 ಪದ. ಮಾತು 20 ನಿಮಿಷ, ಅದಕ್ಕೆ ಮುಂಚೆ ತಯಾರಿಗೆ 20 ನಿಮಿಷ. ಒಂದೊಂದಕ್ಕೂ 25 ಅಂಕ. ಆದರೆ ಗುಂಪು ಹೀಗೆ: ಓದು+ಬರಹ ಒಂದು, ಕೇಳು+ಮಾತು ಇನ್ನೊಂದು, ಪ್ರತಿ ಗುಂಪಿನಲ್ಲೂ 50ಕ್ಕೆ 30 ಬರಲೇಬೇಕು. ಒಂದರಲ್ಲಿ 45, ಇನ್ನೊಂದರಲ್ಲಿ 28 ಬಂದರೆ ನಪಾಸು. ಹಾಗಾಗಿ ಕೇಳುವುದರಲ್ಲಿ ಸೋತರೆ ಮಾತು ಅದನ್ನು ಎತ್ತಬೇಕು, ಓದು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಉಪಯೋಗಕ್ಕೆ ಬರಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಸಮಯ: ವಾರಕ್ಕೆ 6 ಗಂಟೆಯಂತೆ 40 ವಾರ ಅಂದರೆ 240 ಗಂಟೆ. ಐಬಿ ಡಿಪ್ಲೊಮಾ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳಲ್ಲಿ ‘ಸ್ಪ್ಯಾನಿಶ್ ಬಿ’ ಅನ್ನುವ ವಿಷಯದ ಹೈಯರ್ ಲೆವೆಲ್‌ಗೆ ಎರಡು ವರ್ಷಕ್ಕೆ ಇಟ್ಟಿರುವುದೂ 240 ಗಂಟೆಯೇ, ಅವರಿಗೆ ಎರಡು ಸಾಹಿತ್ಯ ಕೃತಿ ಬೇರೆ. ಬಿ1 ಗಟ್ಟಿ ಇದ್ದರೆ ನಿಮ್ಮ ಲೆಕ್ಕ ಸಾಲುತ್ತೆ. ಮೊದಲ ಪಿಯು ಮುಗಿದ ಮೇಲಿನ ಬೇಸಿಗೆ ಅಥವಾ ಅದರ ಹಿಂದೆಯೇ ಬರುವ ಸರದಿ ಒಳ್ಳೆಯದು. ತಪ್ಪಿದರೆ ಎರಡನೇ ಪಿಯು, ಸಿಇಟಿ ಎರಡೂ ಮುಗಿದ ಮೇಲೆ. ವರ್ಷದ ಕೊನೆಯ ಸರದಿ ಬೇಡ, ಪ್ರಿಪರೇಟರಿ ಪರೀಕ್ಷೆಗಳ ಜೊತೆ ಜಗಳ ಆಗುತ್ತೆ. ಯಾವ ಸರದಿ ಯಾವ ಊರಿನ ಕೇಂದ್ರದಲ್ಲಿ ಅನ್ನುವ ಪಟ್ಟಿ ಪ್ರತಿ ವರ್ಷ ಬರುತ್ತೆ. ನೋಂದಣಿ ಪರೀಕ್ಷೆಗೆ ವಾರಗಟ್ಟಲೆ ಮುಂಚೆ ಮುಚ್ಚುತ್ತೆ, ಹಾಗಾಗಿ ಪಟ್ಟಿ ಬಂದ ದಿನವೇ ನೋಡಿ.

ಕಲ್ಪತರು_ನಾಡು

ವ್ಯಾಕರಣದ ಮಾತು ನಾನು ಹೇಳ್ತೀನಿ. ನಮ್ಮ ಮಕ್ಕಳು ಸ್ಪ್ಯಾನಿಶನ್ನು ಇಂಗ್ಲಿಷ್ ಕಿಟಕಿಯಿಂದ ನೋಡಿ ಕಷ್ಟಪಡ್ತಾರೆ. ಇಂಗ್ಲಿಷ್‌ನಲ್ಲಿ ಇಲ್ಲದ ಎಷ್ಟೋ ಸಂಗತಿ ಕನ್ನಡದಲ್ಲಿ ಆಗಲೇ ಇದೆ. ಒಂದೊಂದೇ ತೂಗಿ ನೋಡಿ.

ಸಬ್‌ಜಂಕ್ಟಿವ್. ಕನ್ನಡದ ‘-ಲಿ’ ನೆನಪಿಟ್ಟುಕೊಳ್ಳಿ. ‘ಅವನು ಬರಲಿ ಅಂತ ಬಯಸ್ತೀನಿ’ = ‘ಕಿಯೆರೊ ಕೆ ಬೆಂಗಾ’. ‘ಒಳ್ಳೇದಾಗಲಿ’ = ‘ಕೆ ತೆ ಬಾಯಾ ಬಿಯೆನ್’. ಇನ್ನೂ ಸೊಗಸು ಅಂದರೆ ಕರ್ತೃ ಒಬ್ಬರೇ ಆದಾಗ ಕನ್ನಡವೂ ‘-ಲಿ’ ಬಿಟ್ಟು ‘-ಲು’ ಹಿಡಿಯುತ್ತೆ: ‘ಅವಳು ಓದಲಿ ಅಂತ ಬಯಸ್ತೀನಿ’ ಬೇರೆ, ‘ಓದಲು ಬಯಸ್ತೀನಿ’ ಬೇರೆ. ಸ್ಪ್ಯಾನಿಶ್ ಕೂಡ ಹಾಗೇ: ಮೊದಲನೆಯದು ‘ಕಿಯೆರೊ ಕೆ ಎಸ್ತೂದ್ಯೆ’, ಎರಡನೆಯದು ಬರೀ ‘ಕಿಯೆರೊ ಎಸ್ತುದ್ಯಾರ್’. ಆಸೆ, ಅಪ್ಪಣೆ, ಹಾರೈಕೆ, ಉದ್ದೇಶ ಇಷ್ಟಕ್ಕೂ ಈ ತಕ್ಕಡಿ ಸಾಕು.

ಎಲ್ಲಿ ಕನ್ನಡ ಕೈಬಿಡುತ್ತೆ ಅನ್ನೋದೂ ಗೊತ್ತಿರಬೇಕು. ಮೂರು ಕಡೆ. ಒಂದು, ನಂಬಿಕೆ ಅಲ್ಲಗಳೆದಾಗ: ‘ಬರ್ತಾನೆ ಅಂತ ನನಗನ್ನಿಸಲ್ಲ’. ಇಲ್ಲಿ ‘-ಲಿ’ ಇಲ್ಲ, ಸ್ಪ್ಯಾನಿಶ್‌ನಲ್ಲಿ ‘ನೊ ಕ್ರೆಯೊ ಕೆ ಬೆಂಗಾ’ ಆಗಲೇಬೇಕು. ಎರಡು, ಇನ್ನೂ ನಡೆಯದ ‘-ಆಗ’: ‘ನೀನು ಬಂದಾಗ ಫೋನ್ ಮಾಡು’ = ‘ಕ್ವಾಂದೊ ಯೆಗೆಸ್, ಯಾಮಾಮೆ’. ನಾವು ‘ಬಂದಾಗ’ ಅಂತ ಭೂತರೂಪ ಹಾಕ್ತೀವಿ, ಇಂಗ್ಲಿಷ್ ವರ್ತಮಾನ ಹಾಕುತ್ತೆ, ಎರಡೂ ದಾರಿ ತಪ್ಪಿಸುತ್ತೆ. ದಿನಾ ನಡೆಯೋದಾದರೆ ಮಾತ್ರ ಸಾಮಾನ್ಯ ರೂಪ, ‘ಕ್ವಾಂದೊ ಯೆಗೊ ಆ ಕಾಸಾ’. ಮೂರು, ಇದೆಯೋ ಇಲ್ಲವೋ ಗೊತ್ತಿಲ್ಲದ ವಸ್ತು ಹುಡುಕುವಾಗ: ‘ಇದನ್ನು ವಿವರಿಸುವಂಥ ಪುಸ್ತಕ ಬೇಕು’. ಕನ್ನಡದಲ್ಲಿ ಬಾಯಿಗೆ ‘-ಅಂಥ’ ಬಂತು ಅಂದರೆ ಅನುಮಾನ ಪಡಿ: ‘ಬುಸ್ಕೊ ಉನ್ ಲೀಬ್ರೊ ಕೆ ಲೊ ಎಸ್ಪ್ಲೀಕೆ’.

‘-ಅರೆ’ ವಾಕ್ಯಗಳು. ‘ದುಡ್ಡಿದ್ದರೆ ಕೊಳ್ತೀನಿ’, ‘ದುಡ್ಡಿದ್ದರೆ ಕೊಳ್ತಿದ್ದೆ’. ನಮ್ಮಲ್ಲಿ ಮೊದಲರ್ಧ ಎರಡರಲ್ಲೂ ಒಂದೇ, ಸ್ಪ್ಯಾನಿಶ್‌ನಲ್ಲಿ ಅಲ್ಲ. ಹಾಗಾಗಿ ಎರಡನೇ ಅರ್ಧದ ಕ್ರಿಯಾಪದ ನೋಡಿ ಮೊದಲರ್ಧ ತೀರ್ಮಾನಿಸಿ. ‘ಕೊಳ್ತೀನಿ’ ಇದ್ದರೆ ‘ಸಿ ತೆಂಗೊ’. ‘ಕೊಳ್ತಿದ್ದೆ’ ಇದ್ದರೆ ‘ಸಿ ತುಬ್ಯೆರಾ ದಿನೆರೊ, ಲೊ ಕೊಂಪ್ರಾರೀಯಾ’. ‘ಇದ್ದಿದ್ದರೆ ಕೊಂಡಿರ್ತಿದ್ದೆ’ ಅಂತ ‘ಇದ್ದ’ ಎರಡು ಸಲ ಬಂದರೆ ‘ಸಿ ಉಬ್ಯೆರಾ ತೆನೀದೊ’. ‘ಸಿ’ ಪಕ್ಕದಲ್ಲಿ, ‘ಕೊಂಪ್ರಾರೀಯಾ’ ಥರದ್ದೇ ರೂಪವಾದ ‘ತೆಂದ್ರೀಯಾ’ ಬರೆಯೋದು ಪರೀಕ್ಷಕರ ಕಣ್ಣಿಗೆ ಥಟ್ಟನೆ ಬೀಳುವ ತಪ್ಪು.

ಎರಡು ಭೂತಕಾಲ. ‘ಹೋದೆ’ / ‘ಹೋಗ್ತಿದ್ದೆ’ ಸುಲಭ: ‘ಫುಯಿ’ / ‘ಈಬಾ’. ‘ಗೊತ್ತಾಯ್ತು’ / ‘ಗೊತ್ತಿತ್ತು’ ಅಂತೂ ಅಚ್ಚು ಹೊಯ್ದ ಹಾಗೆ: ‘ಸೂಪೆ’ / ‘ಸಾಬೀಯಾ’. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಒಂದು ಅಧ್ಯಾಯವೇ ತೆಗೆದಿಡ್ತವೆ. ಎಡವೋದು ‘ಇತ್ತು’ ಹತ್ತಿರ. ಅದು ನೋಡೋಕೆ ‘ಬಂತು’, ‘ಹೋಯ್ತು’ ಥರ ಇರೋದರಿಂದ ‘ಮನೆ ದೊಡ್ಡದಿತ್ತು’ ಅನ್ನೋದಕ್ಕೆ ‘ಫ್ವೆ’ ಬರೆದುಬಿಡ್ತಾರೆ. ವರ್ಣನೆಯ ‘ಇತ್ತು’ ಯಾವತ್ತೂ ‘ಎರಾ’, ‘ಎಸ್ತಾಬಾ’, ‘ಆಬೀಯಾ’.

‘ಸೆರ್’ ಮತ್ತು ‘ಎಸ್ತಾರ್’. ಇಂಗ್ಲಿಷಿನ ‘ಬಿ’ (is, are) ಕ್ರಿಯಾಪದಕ್ಕೆ ಸ್ಪ್ಯಾನಿಶ್‌ನಲ್ಲಿ ಈ ಎರಡು. ಕನ್ನಡದಲ್ಲಿ ಕ್ರಿಯಾಪದವೇ ಬೇಡದ ಕಡೆ ‘ಸೆರ್’: ‘ನಮ್ಮಣ್ಣ ಮೇಷ್ಟ್ರು’. ‘ಇರು’ ಇಲ್ಲದೆ ನಿಲ್ಲದ ಕಡೆ ‘ಎಸ್ತಾರ್’: ‘ಅಣ್ಣ ಮನೇಲಿದಾನೆ’, ‘ಸುಸ್ತಾಗಿದೆ’. ಮುರಿಯೋದು ಒಂದು ಜಾಗದಲ್ಲಿ: ಸಭೆ, ಮದುವೆ, ಪರೀಕ್ಷೆ ನಡೆಯುವ ಸ್ಥಳ. ‘ಪರೀಕ್ಷೆ ಬೆಂಗಳೂರಲ್ಲಿದೆ’ ಅಂದರೂ ‘ಎಲ್ ಎಕ್ಸಾಮೆನ್ ಎಸ್ ಎನ್ ಬೆಂಗಳೂರು’. ‘ನಡೆಯುತ್ತೆ’ ಅಂತ ಬದಲಿಸಿ ನೋಡಿ, ಸರಿಹೊಂದಿದರೆ ‘ಸೆರ್’.

‘-ಅನ್ನು’ ಮತ್ತು ‘ಆ’. ‘ಪುಸ್ತಕ ಓದಿದೆ’ ಅಂತೀವಿ, ‘ತಂಗಿ ನೋಡಿದೆ’ ಅನ್ನಲ್ಲ, ‘ತಂಗೀನ ನೋಡಿದೆ’ ಅಂತೀವಿ. ಸ್ಪ್ಯಾನಿಶ್‌ನ ಆ ವಿಚಿತ್ರ ‘ಆ’ ಇದೇ: ‘ಲೆಯೊ ಉನ್ ಲೀಬ್ರೊ’, ಆದರೆ ‘ಬೆಯೊ ಆ ಮಿ ಎರ್ಮಾನಾ’. ಯಾರಾದರೂ ಒಬ್ಬ ಡಾಕ್ಟರನ್ನ ಹುಡುಕುವಾಗ ಮಾತ್ರ ‘ಆ’ ಬೇಡ: ‘ಬುಸ್ಕೊ ಉನ್ ಮೇದಿಕೊ’.

‘-ಕೊಳ್ಳು’ ಮತ್ತು ‘ಸೆ’ (ಕರ್ತೃ ‘ನಾನು’ ಆದರೆ ‘ಮೆ’). ‘ಕಾರು ತೊಳೀತೀನಿ’ = ‘ಲಾಬೊ ಎಲ್ ಕೋಚೆ’. ‘ಕೈ ತೊಳ್ಕೊತೀನಿ’ = ‘ಮೆ ಲಾಬೊ ಲಾಸ್ ಮಾನೋಸ್’. ಗಮನಿಸಿ, ನಾವೂ ‘ನನ್ನ ಕೈ’ ಅನ್ನಲ್ಲ, ಅವರೂ ‘ಮಿಸ್ ಮಾನೋಸ್’ ಅನ್ನಲ್ಲ. ಆ ‘ನನ್ನ’ ಸೇರಿಸೋದು ಇಂಗ್ಲಿಷ್ ಚಾಳಿ.

‘ನನಗೆ ಇಷ್ಟ’ = ‘ಮೆ ಗುಸ್ತಾ’, ‘ನನಗೆ ತಲೆನೋವು’ = ‘ಮೆ ದ್ವೆಲೆ ಲಾ ಕಾಬೆಸಾ’. ವಸ್ತು ಬಹುವಚನ ಆದರೆ ‘ಗುಸ್ತಾನ್’. ಆದರೆ ಇದೇ ಧೈರ್ಯದಲ್ಲಿ ‘ನನಗೆ ಹಸಿವು’ ಅನ್ನೋದಕ್ಕೂ ‘ಮೆ’ ಹಾಕಬೇಡಿ. ಹಸಿವು, ಬಾಯಾರಿಕೆ, ನಿದ್ದೆ, ಭಯ ಎಲ್ಲ ಅವರಿಗೆ ‘ಇಟ್ಟುಕೊಂಡಿರುವ’ ವಸ್ತುಗಳು: ‘ತೆಂಗೊ ಆಂಬ್ರೆ’.

ಕೋಲಾರದ_ಕೆರೆಕೋಡಿ

ಕಲ್ಪತರು ಅವರ ತಕ್ಕಡಿ ಚೆನ್ನಾಗಿದೆ, ಆದರೆ ಒಂದು ಕಡೆ ಅದು ತೂಗೋದೇ ಇಲ್ಲ: ಲಿಂಗ. ಕನ್ನಡದಲ್ಲಿ ಲಿಂಗ ಅರ್ಥದಿಂದ ಬರುತ್ತೆ, ಗುಣವಾಚಕ ಬದಲಾಗೋದೇ ಇಲ್ಲ. ‘ಒಳ್ಳೆಯ’ ಅಂದರೆ ಎಲ್ಲರಿಗೂ ‘ಒಳ್ಳೆಯ’. ಬರಹದಲ್ಲಿ ಅಂಕ ಸೋರೋದು ಇಲ್ಲೇ. ಹೈಸ್ಕೂಲಿನ ಹಿಂದಿಯಲ್ಲಿ ಲಿಂಗ ಉರು ಹೊಡೆದ ಅಭ್ಯಾಸವನ್ನು ಇಲ್ಲಿಗೆ ತನ್ನಿ, ಆದರೆ ಹಿಂದಿಯ ಲಿಂಗ ತರಬೇಡಿ. ‘ಕಿತಾಬ್’ ಅಲ್ಲಿ ಸ್ತ್ರೀ, ‘ಲೀಬ್ರೊ’ ಇಲ್ಲಿ ಪುರುಷ.

ನಾಮಪದ ಒಂಟಿಯಾಗಿ ಕಲಿಯಬೇಡಿ, ಗುಣವಾಚಕದ ಸಮೇತ ಕಲಿಯಿರಿ: ‘ಉನ್ ಪ್ರೊಬ್ಲೇಮಾ ಸೇರ್ಯೊ’, ‘ಲಾ ಮಾನೊ ದೆರೇಚಾ’. ‘-ಸ್ಯೋನ್’, ‘-ದಾದ್’ ಅಂತ ಮುಗಿದರೆ ಸ್ತ್ರೀ, ‘-ಆಹೆ’ ಪುರುಷ. ಗ್ರೀಕಿನಿಂದ ಬಂದ ‘-ಮಾ’ಗಳು ಪುರುಷ: ಪ್ರೊಬ್ಲೇಮಾ, ಸಿಸ್ತೇಮಾ, ತೇಮಾ, ಕ್ಲೀಮಾ, ಇದ್ಯೋಮಾ. ಹಾಗಂತ ‘ಕಾಮಾ’, ‘ಫೋರ್ಮಾ’ ಪುರುಷ ಅಲ್ಲ.

ಉಚ್ಚಾರಣೆಗೆ ಬರೋಣ. ಇಂಗ್ಲಿಷ್ ಅಭ್ಯಾಸದ ‘ಟ’, ‘ಡ’ ಬಿಟ್ಟು ನಮ್ಮ ‘ತ’, ‘ದ’ ಹಿಡಿಯಿರಿ. ಒಂಟಿ ‘ರ’ ಮತ್ತು ಜೋಡಿ ‘ರ್ರ’ ನಮಗೆ ಪುಕ್ಕಟೆ. ‘ಕರಗು’ ಮತ್ತು ‘ಕರ್ರಗೆ’ ಹೇಳಬಲ್ಲವರು ‘ಪೆರೊ’ (ಆದರೆ) ಮತ್ತು ‘ಪೆರ್ರೊ’ (ನಾಯಿ) ಹೇಳಬಲ್ಲರು. ನಮ್ಮ ರೋಗ ಬೇರೆ: ಪದದ ಮೊದಲಿನ ‘ಎ’ಗೆ ‘ಯ’, ‘ಒ’ಗೆ ‘ವ’ ಅಂಟಿಸೋದು. ಮನೆಯಲ್ಲಿ ‘ಯೆಲ್ಲಿ’, ‘ವೊಂದು’ ಅಂದರೆ ನಡೆಯುತ್ತೆ. ಅಲ್ಲಿ ‘ಎಸೊ’ ಅಂದರೆ ‘ಅದು’, ‘ಯೆಸೊ’ ಅಂದರೆ ಗಾರೆ ಕೆಲಸದ ಜಿಪ್ಸಂ. ನಮ್ಮ ಕಡೆಯ ತೆಲುಗು ಮನೆಮಾತಿನವರಿಗೂ ಇದೇ ಕಾಟ.

ಒತ್ತು ಇನ್ನೊಂದು. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗಲ್ಲ, ದೀರ್ಘದಿಂದ ಬದಲಾಗುತ್ತೆ. ಹಾಗಾಗಿ ಒತ್ತಬೇಕಾದಲ್ಲಿ ಎಳೆದುಬಿಡ್ತೀವಿ. ‘ತೇರ್ಮಿನೊ’ ಅವಧಿ, ‘ತೆರ್ಮೀನೊ’ ಮುಗಿಸುತ್ತೇನೆ, ‘ತೆರ್ಮಿನೋ’ ಮುಗಿಸಿದ. ಇಲ್ಲಿ ಕನ್ನಡ ಲಿಪಿಯಲ್ಲಿ ದೀರ್ಘ ಹಾಕಿರೋದು ಬೇರೆ ದಾರಿ ಇಲ್ಲದೆ. ನೀವು ನೋಟ್ಸನ್ನು ರೋಮನ್ ಲಿಪಿಯಲ್ಲೇ, ಸ್ವರದ ಮೇಲಿನ ಗೆರೆ ಸಮೇತ ಬರೆಯಿರಿ. ಆ ಗೆರೆ ಬಿಟ್ಟರೆ ‘ಮುಗಿಸಿದ’ ಹೋಗಿ ‘ಮುಗಿಸುತ್ತೇನೆ’ ಆಗುತ್ತೆ.

ಕೇಳೋದು: ಅದು ಒಂದೇ ಪದದ ಥರ ಕೇಳಿಸೋಕೆ ಕಾರಣ ಸಂಧಿ. ‘ಅತಿ+ಅಂತ’ ಅತ್ಯಂತ ಆದ ಹಾಗೆ ‘ಮಿ ಎರ್ಮಾನೊ’ ಬಾಯಲ್ಲಿ ‘ಮ್ಯೆರ್ಮಾನೊ’ ಆಗುತ್ತೆ, ‘ಬಾ ಆ ಆಬ್ಲಾರ್’ ಹೋಗಿ ‘ಬಾಬ್ಲಾರ್’. ಹತ್ತನೇ ಕ್ಲಾಸಿನ ಸಂಧಿ ಬಿಡಿಸುವ ಬುದ್ಧಿಯನ್ನೇ ಕಿವಿಗೆ ಕಲಿಸಬೇಕು. ದಿನಕ್ಕೆ 15 ನಿಮಿಷ ಸಾಕು. ಬರಹರೂಪ ಇರುವ ಪಾಡ್‌ಕಾಸ್ಟಿನ 60 ಸೆಕೆಂಡ್ ತುಂಡು ತೆಗೆದುಕೊಂಡು ಎರಡು ಸಲ ಸುಮ್ಮನೆ ಕೇಳಿ. ಮೂರನೇ ಸಲ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ. ಆಮೇಲೆ ಬರಹ ತೆಗೆದು, ತಪ್ಪಿದ ಜಾಗದಲ್ಲಿ ಎರಡು ಪದ ಎಲ್ಲಿ ಅಂಟಿಕೊಂಡಿವೆ ಅಂತ ಗುರುತು ಹಾಕಿ, ಕೊನೆಗೆ ಬರಹ ಮುಚ್ಚಿ ಇನ್ನೊಮ್ಮೆ ಕೇಳಿ. ರೇಡಿಯೊ ಆಂಬುಲಾಂತೆ ಅನ್ನುವ ಸ್ಪ್ಯಾನಿಶ್ ಪಾಡ್‌ಕಾಸ್ಟಿನ ಕಂತುಗಳಿಗೆ ಬರಹರೂಪ ಇದೆ, ಲ್ಯಾಟಿನ್ ಅಮೆರಿಕದ ಬೇರೆ ಬೇರೆ ದೇಶದ ಉಚ್ಚಾರಣೆ ಸಿಗುತ್ತೆ. ಕ್ಯೂಬಾ, ಚಿಲಿ, ದಕ್ಷಿಣ ಸ್ಪೇನಿನವರು ಕೊನೆಯ ‘ಸ್’ ನುಂಗ್ತಾರೆ: ‘ಲೊಹ್ ಆಮೀಗೊಹ್’. ಡೆಲೆಯಲ್ಲಿ ಒಂದೇ ದೇಶದ ದನಿ ಬರಲ್ಲ, ಮೊದಲಿಂದಲೇ ರೂಢಿ ಮಾಡ್ಕೊಳ್ಳಿ.

ಕ್ಯಾತ್ಸಂದ್ರ_ಪಿಯು

ತುಂಬಾ ಥ್ಯಾಂಕ್ಸ್. ‘-ಲಿ’, ‘-ಲು’ ಯಾರೂ ಹೀಗೆ ಹೇಳಿರಲಿಲ್ಲ. ಬರೆದದ್ದರಲ್ಲಿ ಮೂರು ವಾಕ್ಯ ಹಾಕ್ತಿದೀನಿ, ಎಲ್ಲಿ ಅಂಕ ಹೋಗುತ್ತೆ ಹೇಳ್ತೀರಾ?

‘ಎಸ್ ಇಂಪೊರ್ತಾಂತೆ ಕೆ ಲೋಸ್ ಎಸ್ತುದ್ಯಾಂತೆಸ್ ಆಪ್ರೆಂದೆನ್ ಓತ್ರೊ ಇದ್ಯೋಮಾ. ಎನ್ ಮಿ ಸ್ಯುದಾದ್ ಆಯ್ ಮೂಚಾಸ್ ಪ್ರೊಬ್ಲೇಮಾಸ್ ದೆ ಲಾ ಆಗ್ವಾ. ಕ್ವಾಂದೊ ತೆರ್ಮಿನಾರೆ ಎಲ್ ಪಿಯುಸಿ, ಯೊ ಕಿಯೆರೊ ಕೆ ಯೊ ಎಸ್ತೂದ್ಯೊ ಎನ್ ಉನಾ ಉನಿಬೆರ್ಸಿದಾದ್ ಬ್ವೆನೊ.’

ಕಲ್ಪತರು_ನಾಡು

ಮೊದಲ ವಾಕ್ಯ: ‘ಕಲಿಯೋದು ಮುಖ್ಯ’ ಅನ್ನೋದರಲ್ಲಿ ‘-ಲಿ’ ಕಾಣಿಸಲ್ಲ, ಅದಕ್ಕೇ ತಪ್ಪಿದೆ. ‘ಕಲಿಯಲಿ ಅನ್ನೋದು ಮುಖ್ಯ’ ಅಂತ ತಿರುಗಿಸಿ ಹೇಳಿಕೊಳ್ಳಿ, ‘ಆಪ್ರೆಂದಾನ್’ ತಾನಾಗಿ ಬರುತ್ತೆ. ‘ಓತ್ರೊ ಇದ್ಯೋಮಾ’ ಸರಿ, ಪುರುಷ ಅಂತ ಅಲ್ಲಿ ನೆನಪಿದೆ. ಮುಂದಿನ ವಾಕ್ಯದಲ್ಲೇ ಅದೇ ಜಾತಿಯ ‘ಪ್ರೊಬ್ಲೇಮಾಸ್’ಗೆ ‘ಮೂಚಾಸ್’ ಹಾಕಿದ್ದೀರಿ! ‘ಮೂಚೋಸ್’.

‘ದೆ ಲಾ ಆಗ್ವಾ’: ಬರೀ ‘ದೆ ಆಗ್ವಾ’ ಸಾಕು. ‘ಆಗ್ವಾ’ ಸ್ತ್ರೀಲಿಂಗವೇ, ಒತ್ತು ಬಿದ್ದ ‘ಆ’ ಮೊದಲಲ್ಲಿ ಇರೋದರಿಂದ ‘ಲಾ’ ಬದಲು ‘ಎಲ್’ ಬರುತ್ತೆ ಅಷ್ಟೆ. ಗುಣವಾಚಕ ಸ್ತ್ರೀಲಿಂಗದಲ್ಲೇ ಉಳಿಯುತ್ತೆ: ‘ಎಲ್ ಆಗ್ವಾ ಫ್ರೀಯಾ’, ಬಹುವಚನದಲ್ಲಿ ‘ಲಾಸ್ ಆಗ್ವಾಸ್’.

ಮೂರನೆಯದರಲ್ಲಿ ಮೂರು ತಪ್ಪು. ‘ಮುಗಿದಾಗ’ ಇನ್ನೂ ಆಗಿಲ್ಲ, ಆದ್ದರಿಂದ ‘ತೆರ್ಮೀನೆ’. ‘ಕ್ವಾಂದೊ’ ಆದಮೇಲೆ ಭವಿಷ್ಯತ್ ರೂಪ ಇಲ್ಲಿ ನಿಲ್ಲಲ್ಲ. ಕರ್ತೃ ಒಬ್ಬರೇ, ಹಾಗಾಗಿ ‘-ಲು’: ‘ಕಿಯೆರೊ ಎಸ್ತುದ್ಯಾರ್’. ‘ಬ್ವೆನೊ’ ಅಲ್ಲ ‘ಬ್ವೆನಾ’, ‘-ದಾದ್’ ಸ್ತ್ರೀ. ಮತ್ತೆ ಆ ‘ಯೊ’ಗಳನ್ನು ಕಿತ್ತುಹಾಕಿ. ‘ಬಂದೆ’ ಅಂದರೆ ಸಾಕು, ‘ನಾನು’ ಬೇಡ ಅನ್ನೋದು ಕನ್ನಡದವರಿಗೆ ಹೇಳಿಕೊಡಬೇಕಾದ ಮಾತಾ?

80 ನಿಮಿಷವನ್ನು ಹೀಗೆ ಹಂಚಿ: ಒಂದೊಂದು ಬರಹಕ್ಕೂ 7 ನಿಮಿಷ ಟಿಪ್ಪಣಿ, 25 ನಿಮಿಷ ಬರೆಯೋದು, 8 ನಿಮಿಷ ತಿದ್ದೋದು. ಮೊದಲ ಬರಹಕ್ಕೆ ಒಂದು ಧ್ವನಿಮುದ್ರಿಕೆ ಕೇಳಿಸಿ ಅದರ ಆಧಾರದ ಮೇಲೆ ಪತ್ರ ಬರೆಸ್ತಾರೆ, ಟಿಪ್ಪಣಿಯಲ್ಲಿ ಅದರ ಅಂಶ ಬಿಟ್ಟುಹೋಗಬಾರದು. ತಿದ್ದುವಾಗ ಪೂರ್ತಿ ಓದಬೇಡಿ, ಮೂರು ಸುತ್ತು ಹೊಡೆಯಿರಿ: ಒಂದರಲ್ಲಿ ನಾಮಪದ-ಗುಣವಾಚಕ ಜೋಡಿ ಮಾತ್ರ, ಎರಡರಲ್ಲಿ ಪ್ರತಿ ‘ಕೆ’ ಮತ್ತು ‘ಕ್ವಾಂದೊ’ ಪಕ್ಕದ ಕ್ರಿಯಾಪದ, ಮೂರರಲ್ಲಿ ಸ್ವರದ ಮೇಲಿನ ಗೆರೆ. ಪತ್ರದಲ್ಲಿ ‘ನೀವು’ ಅಂದರೆ ‘ಉಸ್ತೆದ್’, ಅದಕ್ಕೆ ಕ್ರಿಯಾಪದ ‘ಅವನು/ಅವಳು’ ರೂಪದ್ದು. ‘ತೂ’ (ನೀನು) ಅಂತ ಶುರು ಮಾಡಿ ‘ಉಸ್ತೆದ್’ನಲ್ಲಿ ಮುಗಿಸಿದರೆ ಮೇಷ್ಟ್ರನ್ನ ಏಕವಚನದಲ್ಲಿ ಕರೆದ ಹಾಗೆ.

ಕೋಲಾರದ_ಕೆರೆಕೋಡಿ

ಮಾತಿನ ಪರೀಕ್ಷೆಗೆ ಒಂದು ಸೇರಿಸ್ತೀನಿ. ಬಿ2 ಮಾತಿನ ಮೊದಲ ಭಾಗದಲ್ಲಿ ಒಂದು ಸಮಸ್ಯೆ ಕೊಟ್ಟು, ಅದಕ್ಕೆ ಹಲವು ಪರಿಹಾರದ ಪ್ರಸ್ತಾಪ ಕೊಟ್ಟು, ಅವುಗಳ ಸಾಧಕ-ಬಾಧಕ ಹೇಳಿಸ್ತಾರೆ. ಎರಡನೆಯದು ಚಿತ್ರ ನೋಡಿ ಊಹೆ: ‘ಇರಬಹುದು’ ಅನ್ನೋದಕ್ಕೆ ‘ಕಿಸಾಸ್’, ‘ಪ್ವೆದೆ ಕೆ’. ‘ಪ್ವೆದೆ ಕೆ’ ಆದಮೇಲೆ ಸಬ್‌ಜಂಕ್ಟಿವ್ ಖಾಯಂ. ಮೂರನೆಯದು ಸಮೀಕ್ಷೆಯ ಅಂಕಿಅಂಶದ ಮೇಲೆ ಹರಟೆ, ಅದಕ್ಕೆ ತಯಾರಿ ಸಮಯ ಇಲ್ಲ.

ಅಭ್ಯಾಸಕ್ಕೆ ನಿಮ್ಮೂರಿನ ವಿಷಯವನ್ನೇ ಇಟ್ಟುಕೊಳ್ಳಿ, ಹೇಳೋಕೆ ಸರಕು ಇರುತ್ತೆ. ನಮ್ಮ ಕೆರೆಗಳ ನೀರು ಹಂಚುವ ನೀರುಗಂಟಿಯನ್ನು ವಲೆನ್ಸಿಯಾದ ನೀರಿನ ನ್ಯಾಯಮಂಡಳಿಯ ಪಕ್ಕಕ್ಕಿಟ್ಟು ಮಾತಾಡಿ. ಅಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಕೆಥೆಡ್ರಲ್ ಬಾಗಿಲಲ್ಲಿ ಕಾಲುವೆ ಜಗಳಗಳನ್ನು ಬಾಯಿಮಾತಿನಲ್ಲೇ ತೀರ್ಮಾನಿಸ್ತಾರೆ. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ‘ರಿಯೇಗೊ’ ನೀರಾವರಿ, ‘ಸೆಕೀಯಾ’ ಬರ, ‘ಆಸೇಕ್ಯಾ’ ಕಾಲುವೆ. ಕೊನೆಯ ಎರಡನ್ನು ಅದಲು ಬದಲು ಮಾಡಿದರೆ ಬರಗಾಲದಲ್ಲಿ ನೀರು ಹರಿಯುತ್ತೆ, ಹುಷಾರು.

ಶಿಡ್ಲಘಟ್ಟ_ಗೂಡು

ನಮ್ಮ ಕಡೆಯದೂ ಒಂದಿರಲಿ: ಅದೇ ವಲೆನ್ಸಿಯಾದ ಹಳೆಯ ರೇಷ್ಮೆ ವ್ಯಾಪಾರದ ಕಟ್ಟಡ ‘ಲಾ ಲೋಂಹಾ ದೆ ಲಾ ಸೇದಾ’ ಮತ್ತು ಇಲ್ಲಿನ ಗೂಡಿನ ಮಾರುಕಟ್ಟೆ. ‘ಕಾಪೂಯೊ’ ಗೂಡು, ‘ಗುಸಾನೊ ದೆ ಸೇದಾ’ ರೇಷ್ಮೆಹುಳ, ‘ಮೊರೇರಾ’ ಹಿಪ್ಪುನೇರಳೆ ಗಿಡ.

ನೋಂದಣಿ ಮಾಡುವಾಗ ಇನ್ನೊಂದು ನೋಡಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರು ಇರುತ್ತೆ. ಸ್ಪ್ಯಾನಿಶ್ ಅರ್ಜಿಯಲ್ಲಿ ‘ನೋಂಬ್ರೆ’ ಬೇರೆ, ‘ಆಪೆಯೀದೊಸ್’ ಬೇರೆ ಕೇಳ್ತಾರೆ. ಪರೀಕ್ಷೆ ದಿನ ತೋರಿಸುವ ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ತುಂಬಿ. ಪ್ರಮಾಣಪತ್ರದಲ್ಲಿ ಅಚ್ಚಾಗೋದು ಅದೇ ಹೆಸರು.